ಸಂಪಿನ ಮುಚ್ಚಳ, ಹನ್ನೊಂದು ಜೊತೆ ಚಪ್ಪಲಿ

ಬೆಳಗ್ಗೆ ಒಂಬತ್ತೂವರೆ ಹೊತ್ತಿಗೆ ನಮ್ಮ ಬೀದಿಯ ಕೊನೆ ಮನೆ ಮೆಟ್ಟಿಲ ಮೇಲೆ ಹನ್ನೊಂದು ಜೊತೆ ಪುಟ್ಟ ಚಪ್ಪಲಿ ಸೇರಿರುತ್ತವೆ. ಅದರಲ್ಲಿ ಒಂದು ಜೊತೆ, ಹೆಜ್ಜೆಗೊಮ್ಮೆ ಕೀಂ ಅನ್ನುವ ಶೂ. ಬೋರ್ಡಿಲ್ಲ, ಗೋಡೆ ಮೇಲೆ ಮಿಕ್ಕಿ ಮೌಸ್ ಇಲ್ಲ. ಅನ್ನಪೂರ್ಣೇಶ್ವರಿ ನಗರದ 30-40 ಸೈಟಿನ ಮನೆಗಳೆಲ್ಲ ಇರುವ ಹಾಗೇ ಅದೂ ಇದೆ: ಕೆಳಗೆ ಓನರ್, ಮೇಲೆ ಎರಡು ಬಾಡಿಗೆ ಮನೆ, ಗೇಟಿನೊಳಗೆ ಸ್ಕೂಟರು, ಸ್ಕೂಟರ್ ಪಕ್ಕ ಸಂಪು, ಅಂದರೆ ನೆಲದಡಿಯ ನೀರಿನ ತೊಟ್ಟಿ. ಬೀದಿಗೆಲ್ಲ ಅದು ‘ಆಂಟಿ ಮನೆ’. ನಮ್ಮ ಬಡಾವಣೆಯ ಹೆಸರು ರಾಜ್ಯಕ್ಕೆಲ್ಲ ಗೊತ್ತಾಗಿದ್ದು 2024ರ ಜೂನ್‌ನಲ್ಲಿ, ಅದೂ ಸಿನಿಮಾ ನಟನೊಬ್ಬನನ್ನು ಇಟ್ಟಿದ್ದ ಇಲ್ಲಿನ ಪೊಲೀಸ್ ಠಾಣೆಯ ದೆಸೆಯಿಂದ. ಆ ವಾರ ಜನ, ಹಾರ್ನು, ಕ್ಯಾಮೆರಾ ಗದ್ದಲದಲ್ಲಿ ಆಂಟಿ ಮನೆ ಮಕ್ಕಳು ಮಧ್ಯಾಹ್ನ ಸರಿಯಾಗಿ ಮಲಗಲಿಲ್ಲ ಅನ್ನುವುದು ಮಾತ್ರ ಯಾವ ಚಾನೆಲ್‌ನಲ್ಲೂ ಬರಲಿಲ್ಲ.

ಆ ಚಪ್ಪಲಿಗಳ ಅಪ್ಪ ಅಮ್ಮಂದಿರು ಪೀಣ್ಯದ ಫ್ಯಾಕ್ಟರಿಗೆ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ, ರಿಂಗ್ ರೋಡಿನಲ್ಲಿ ಕ್ಯಾಬ್ ಹಿಡಿದು ಬೆಳ್ಳಂದೂರಿಗೆ ಹೋಗುವವರು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದು ರಜೆ 26 ವಾರವಾಯಿತು. 26 ವಾರ ಮುಗಿಯುವಾಗ ಕೂಸಿಗೆ ಹೆಚ್ಚೆಂದರೆ ಆರು ತಿಂಗಳು, ಇನ್ನೂ ಸರಿಯಾಗಿ ಕೂರಲು ಬರದು. 50 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಎಂದೂ ಅದೇ ತಿದ್ದುಪಡಿ ಹೇಳಿತು. ಒಳ್ಳೆಯದೇ. ಆದರೆ ಕಾನೂನು ಬರೆದವರು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಹಸುಗೂಸನ್ನು ತೊಡೆ ಮೇಲೆ ಮಲಗಿಸಿಕೊಂಡು ಕೂತವರಲ್ಲ. ಕೇಂದ್ರ ಆಫೀಸಿನ ಹತ್ತಿರ, ಕೂಸು ಇರಬೇಕಾದದ್ದು ಮನೆ ಹತ್ತಿರ. ಅಂಗನವಾಡಿಗೆ ಕಳಿಸೋಣ ಅಂದರೆ ಅಲ್ಲಿ ಕೂರಿಸಿಕೊಳ್ಳುವುದು ಮೂರು ತುಂಬಿದವರನ್ನು, ಅದೂ ಸಂಜೆ ನಾಲ್ಕರವರೆಗೆ. ಉಳಿದದ್ದು ಆಂಟಿ ಮನೆ.

ಈ ಆಂಟಿಗೆ ಅನ್ವಯಿಸುವ ನಿಯಮ ಯಾವುದು? ಸುಮ್ಮನೆ ಹುಡುಕುತ್ತ ಹೋದೆ. ಶಿಕ್ಷಣ ಹಕ್ಕು ಕಾಯ್ದೆ ಶುರುವಾಗುವುದೇ ಆರನೇ ವರ್ಷದಿಂದ. ಅದಕ್ಕಿಂತ ಚಿಕ್ಕವರ ಪಾಲನೆ, ಶಿಕ್ಷಣದ ಮಾತು ಸಂವಿಧಾನದ 45ನೇ ವಿಧಿಯಲ್ಲಿದೆ, ನಿರ್ದೇಶಕ ತತ್ವವಾಗಿ. ಖಾಸಗಿ ಪ್ಲೇ ಸ್ಕೂಲ್‌ಗಳಿಗೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿ ಇದೆ, ಅದೂ ಮೂರರಿಂದ ಆರು ವರ್ಷದವರಿಗೆ. 2013ರ ರಾಷ್ಟ್ರೀಯ ನೀತಿಯೊಂದು ಮಾತ್ರ ಮೂರರೊಳಗಿನ ಹತ್ತು ಮಕ್ಕಳಿಗೆ ಒಬ್ಬರು ದೊಡ್ಡವರು ಇರಬೇಕು ಎನ್ನುತ್ತದೆ. ಹತ್ತು! ಒಂದು ಕೂಸಿಗೆ ರಾಗಿ ಸರಿ ತಿನ್ನಿಸಿ, ಬಾಯಿ ಒರೆಸಿ, ತೇಗಿಸಿ, ಡೈಪರ್ ಬದಲಿಸುವಷ್ಟರಲ್ಲಿ ಉಳಿದ ಒಂಬತ್ತು ಎಲ್ಲಿರುತ್ತವೆ ಎಂದು ಆ ನೀತಿ ಬರೆದವರನ್ನು ಕೇಳಬೇಕು. ಸರಿ, ನೀತಿ ನೀತಿಯಾಗಿ ದೆಹಲಿಯಲ್ಲಿದೆ. ನಮ್ಮ ಬೀದಿಗೆ ಬಂದು ಎಣಿಸಿದವರಿಲ್ಲ.

ಇದೇ ಆಂಟಿ ಮನೆಯಲ್ಲಿ ಹೋಳಿಗೆ ಮಾಡಿ ಮಾರಿದರೆ ಆಹಾರ ಸುರಕ್ಷತೆಯವರ ನೋಂದಣಿ ಬೇಕು, ವರ್ಷಕ್ಕೆ 100 ರೂಪಾಯಿ. ನಾಯಿ ಸಾಕಿದರೆ ಪಾಲಿಕೆಯ ಲೈಸೆನ್ಸ್ ಬೇಕು. ಹನ್ನೊಂದು ಮಕ್ಕಳನ್ನು ಇಟ್ಟುಕೊಂಡದ್ದಕ್ಕೆ ಇಷ್ಟು ವರ್ಷದಲ್ಲಿ ಒಬ್ಬರೂ ಅವರನ್ನು ಒಂದು ಕಾಗದ ಕೇಳಿಲ್ಲ.

ಕೇಳಬೇಕು ಅನ್ನುವುದು ನನ್ನ ವಾದ, ಮತ್ತು ಅದಕ್ಕೊಂದು ಹಳೆಯ ಕಾರಣವಿದೆ. ಮೂವತ್ತು ವರ್ಷದ ಹಿಂದೆ ವಿಜಯನಗರದಲ್ಲಿ ಬಾಡಿಗೆಗಿದ್ದಾಗ ನನ್ನ ಮಗಳನ್ನೂ ಹೀಗೇ ಒಂದು ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದೆ. ಒಂದು ದಿನ ಅರ್ಧ ದಿನ ರಜೆ ಹಾಕಿ ಮೂರು ಗಂಟೆಗೇ ಹೋದೆ. ಎಂಟು ಮಕ್ಕಳೂ ಒಂದೇ ಚಾಪೆಯಲ್ಲಿ ಗಾಢ ನಿದ್ದೆ. ಟಿವಿ ಜೋರಾಗಿತ್ತು, ಯಾರೂ ಕದಲಲಿಲ್ಲ. ಎತ್ತಿಕೊಂಡರೆ ಮಗಳ ಕತ್ತು ನನ್ನ ಭುಜದ ಮೇಲೆ ನಿಲ್ಲಲಿಲ್ಲ. ಕಿಟಕಿ ಕಟ್ಟೆ ಮೇಲೆ ಕೆಮ್ಮಿನ ಸಿರಪ್ಪಿನ ಬಾಟಲಿ, ಅಂಟಂಟು ಚಮಚ, ಅದರ ಸುತ್ತ ಇರುವೆ ಸಾಲು. ಕೇಳಿದ್ದಕ್ಕೆ ‘ಶೀತ ಇತ್ತಲ್ವಾ’ ಅಂದರು. ಎಂಟಕ್ಕೆ ಎಂಟಕ್ಕೂ ಶೀತವೇ? ಮರುದಿನದಿಂದ ಕಳಿಸಲಿಲ್ಲ, ಅಷ್ಟೇ. ದೂರು ಕೊಡೋಣ ಅಂದರೆ ಯಾರಿಗೆ ಕೊಡಬೇಕು ಅಂತ ಗೊತ್ತಿರಲಿಲ್ಲ. ಇವತ್ತು ಕೇಳಿದರೂ ನನ್ನ ಹತ್ತಿರ ಉತ್ತರವಿಲ್ಲ.

ನಮ್ಮ ಬೀದಿಯ ಆಂಟಿ ಅಂಥವರಲ್ಲ. ಮಾಗಡಿ ಕಡೆಯವರು, ಮುದ್ದೆ ಮುರಿದು ಬಿಸಿಸಾರಲ್ಲಿ ಅದ್ದಿ ಅದ್ದಿ ಮಕ್ಕಳ ಬಾಯಿಗಿಡುವ ಕೈ ಅವರದು. ಜೊತೆಗೆ ಒಬ್ಬಳು ಆಯಾ. ನೋಂದಣಿ ಅಂದರೆ ಅವರು ಬೆಚ್ಚುತ್ತಾರೆ. ‘ಬೋರ್ಡ್ ಹಾಕಿದ್ರೆ ಕರೆಂಟಿನವ್ರು ಕಮರ್ಷಿಯಲ್ ಮೀಟರ್ ಅಂತಾರೆ ಮೇಡಂ, ಇನ್ನೊಬ್ರು ಟ್ರೇಡ್ ಲೈಸೆನ್ಸ್ ಅಂತಾರೆ. ಬಂದವ್ರೆಲ್ಲ ಕೈ ನೋಡ್ತಾರೆ. ಮಕ್ಕಳು ಉಂಡ್ರಾ ಅಂತ ಯಾರೂ ಕೇಳಲ್ಲ.’ ಅವರ ಹೆದರಿಕೆ ಸುಳ್ಳಲ್ಲ. ಇಂಗ್ಲೆಂಡನ್ನೇ ನೋಡಿ: ಅಲ್ಲಿ ಮನೆಯಲ್ಲಿ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವವರು ಆಫ್‌ಸ್ಟೆಡ್ ಎಂಬ ಸರ್ಕಾರಿ ಸಂಸ್ಥೆಯಲ್ಲೋ ಅದು ಒಪ್ಪಿದ ಏಜೆನ್ಸಿಯಲ್ಲೋ ನೋಂದಾಯಿಸಬೇಕು. ಒಬ್ಬರ ಕೈಗೆ ಎಂಟು ವರ್ಷದೊಳಗಿನ ಆರು ಮಕ್ಕಳು, ಅವರಲ್ಲಿ ಐದರೊಳಗಿನವರು ಸಾಮಾನ್ಯವಾಗಿ ಮೂವರು, ಒಂದು ತುಂಬದ್ದು ಒಂದೇ. ತಮ್ಮ ಸ್ವಂತ ಮಕ್ಕಳೂ ಆ ಲೆಕ್ಕಕ್ಕೆ ಸೇರುತ್ತಾರೆ. ಎಣಿಕೆ ಅಂದರೆ ಹೀಗಿರಬೇಕು. ಆದರೆ ಅಲ್ಲೇ ಹತ್ತು-ಹನ್ನೆರಡು ವರ್ಷಗಳಲ್ಲಿ ಇಂಥವರ ಸಂಖ್ಯೆ ಅರ್ಧಕ್ಕೂ ಕೆಳಗಿಳಿದಿದೆ. ಕೆಲಸ ಬಿಟ್ಟವರು ಹೇಳುವ ಕಾರಣಗಳಲ್ಲಿ ಕಾಗದಪತ್ರದ ಕಾಟವೂ ಒಂದು. ನಮ್ಮಲ್ಲಿ ಸಿಸಿಟಿವಿ, ಅಗ್ನಿಶಾಮಕದವರ ಪತ್ರ, ಆಟದ ಮೈದಾನ ಅಂತ ಶಾಲೆಯ ಅಳತೆಯಲ್ಲಿ ನಿಯಮ ಹೊಲಿದರೆ ಆಂಟಿ ಬಾಗಿಲು ಹಾಕುತ್ತಾರೆ. ಸಿರಪ್ಪಿನವರು ಎರಡನೇ ಮಹಡಿಗೆ ಹೋಗಿ ಪರದೆ ಎಳೆದುಕೊಳ್ಳುತ್ತಾರೆ.

ಮನೆಗೆ ಮನೆಯ ಅಳತೆಯ ನಿಯಮ ಸಾಕು. ಮಕ್ಕಳೆಷ್ಟು, ದೊಡ್ಡವರೆಷ್ಟು. ಮೆಟ್ಟಿಲಿಗೆ ಅಡ್ಡ ಬಾಗಿಲಿದೆಯಾ, ಗ್ಯಾಸ್ ಒಲೆ ಕೈಗೆಟುಕುತ್ತದಾ. ಮಗುವಿಗೆ ಔಷಧ ಕೊಡಲು ಅಪ್ಪ ಅಮ್ಮ ಬರೆದುಕೊಟ್ಟ ಚೀಟಿ ಇದೆಯಾ. ಇದನ್ನು ನೋಡಿಹೋಗಲು ಲೈಸೆನ್ಸಿನವರು ಬರುವುದು ಬೇಡ, ಅಂಗನವಾಡಿ ಮೇಲ್ವಿಚಾರಕಿ ಬರಲಿ. ಮಗು ಹೇಗೆ ಅಳುತ್ತದೆ ಅಂತ ಗೊತ್ತಿರುವವರು. ಮೀಟರಿನ ತಂಟೆಗೆ ಹೋಗುವುದಿಲ್ಲ ಅಂತ ಸರ್ಕಾರ ಮೊದಲೇ ಬರೆದುಕೊಡಲಿ. ಆಗದ ಮಾತೇನಲ್ಲ. 2023ರ ಬಜೆಟ್‌ನಲ್ಲಿ ಇದೇ ರಾಜ್ಯ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಿಸಿ, ನರೇಗಾ ಕೆಲಸಕ್ಕೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳಲು ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ಕೂಲಿ ಕೊಡುವ ದಾರಿ ಹಿಡಿಯಿತು. ಹಳ್ಳಿಯ ಕೂಸಿಗೆ ಹೊಳೆದದ್ದು ವಾರ್ಡಿನ ಕೂಸಿಗೆ ಹೊಳೆಯಬಾರದೇ?

ಇನ್ನು ಸಂಪು. ಬೆಂಗಳೂರಿನ ಮನೆಗೆಂದೇ ನಿಯಮ ಬರೆಯುವವರು ಮೊದಲ ಸಾಲಿನಲ್ಲಿ ಬರೆಯಬೇಕಾದ ಪದ ಅದು. ಆಂಟಿ ಮನೆ ಸಂಪಿನ ಮುಚ್ಚಳದ ಒಂದು ಮೂಲೆ ತುಕ್ಕು ಹಿಡಿದು, ಕಾಲಿಟ್ಟರೆ ಟಕ್ ಅನ್ನುತ್ತಿತ್ತು. ಹೋದ ತಿಂಗಳು ಹೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ, ವೆಲ್ಡಿಂಗ್‌ನವನನ್ನು ಕರೆಸಿ ಹೊಸ ಮುಚ್ಚಳ ಹಾಕಿಸಿದರು, ಬೀಗ ಸಮೇತ. ಬೀಗದ ಕೈ ದೇವರ ಫೋಟೋ ಪಕ್ಕದ ಮೊಳೆಯಲ್ಲಿದೆ. ಆದರೆ ಕಾವೇರಿ ನೀರು ಬಿಡುವ ದಿನ ಮುಚ್ಚಳ ತೆಗೆದು ಬಗ್ಗಿ ನೋಡಲೇಬೇಕಲ್ಲ, ಬಂತಾ ಇಲ್ಲವಾ ಅಂತ. ನೀರು ಬರುವುದು ಹತ್ತರ ಸುಮಾರಿಗೆ, ಮಕ್ಕಳೆಲ್ಲ ಓಡಾಡುವ ಹೊತ್ತು. ‘ಒಂದು ಹತ್ತು ನಿಮಿಷ ಬಂದು ಬಾಗಿಲ ಹತ್ರ ಕೂತ್ಕೊಳ್ತೀರಾ ಮೇಡಂ?’ ಅಂದರು. ದಿನ ಬಿಟ್ಟು ದಿನ ಹೋಗಿ ಕೂರುತ್ತಿದ್ದೇನೆ. ಕೀಂ ಕೀಂ ಶೂ ಹುಡುಗ ನನ್ನ ಮೊಣಕಾಲು ಹತ್ತಿ ದಾಟಿಹೋಗಲು ನೋಡುತ್ತಾನೆ. ಆ ಹತ್ತು ನಿಮಿಷ ಹನ್ನೊಂದು ಮಕ್ಕಳಿಗೆ ನಾವು ಮೂವರು.