ನೋಟಿಸ್ ಮೂಲೆಗೆ ಎಸೆದ್ರೆ ತೆರಿಗೆ ಮಾಯವಾಗಲ್ಲ

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಿತು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಹೋಗಿ 'ಕ್ಯಾಶ್ ಮಾತ್ರ' ಬೋರ್ಡ್ ಬಂತು. ಸಿಟ್ಟು ಸಹಜ. ಆದರೆ ಬೋರ್ಡ್ ಹಾಕಿದರೆ ಹಳೆಯ ವಹಿವಾಟು ಅಳಿಯಲ್ಲ.

ನೋಟಿಸ್ ಅಂದರೆ ತೀರ್ಪಲ್ಲ, ಪ್ರಶ್ನೆ. ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆಯದು 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಕಡ್ಡಾಯ. ತಾಜಾ ತರಕಾರಿ, ಹಾಲು ಮಾತ್ರ ಮಾರುವವರಿಗೆ ಅದೂ ಬೇಡ. ಖಾತೆಗೆ ಬಂದ ಹಣದಲ್ಲಿ ಕೈಸಾಲವೂ ಇರುತ್ತೆ. ಇದನ್ನೆಲ್ಲ ದಾಖಲೆ ಸಮೇತ ಹೇಳಬೇಕಾದವರು ವ್ಯಾಪಾರಿಯೇ.

ಸುಮ್ಮನಿದ್ದರೆ? ಜಿಎಸ್‌ಟಿ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಅಧಿಕಾರಿ ತನಗೆ ಸಿಕ್ಕ ಮಾಹಿತಿ ಮೇಲೆ ಅಂದಾಜಿನಲ್ಲೇ ತೆರಿಗೆ ನಿಗದಿ ಮಾಡಬಹುದು. ಮೇಲೆ ಶೇ. 18 ಬಡ್ಡಿ, ದಂಡ. ಮೇಲ್ಮನವಿಗೆ ಇರೋದು 3 ತಿಂಗಳು. ಅದಕ್ಕೂ ವಿವಾದಿತ ತೆರಿಗೆಯ ಶೇ. 10 ಮೊದಲೇ ಕಟ್ಟಬೇಕು. ಆಮೇಲೆ ಬ್ಯಾಂಕ್ ಖಾತೆಗೇ ಕೈ.

ವರ್ತಕರು ಬಂದ್ ಎಂದಾಗ ಸರ್ಕಾರ ಮೆತ್ತಗಾಯಿತು, ನಿಜ. ಆದರೆ ಕಡತಕ್ಕೆ ಘೋಷಣೆ ಕೇಳಿಸಲ್ಲ, ಲಿಖಿತ ಉತ್ತರ ಬೇಕು. ನಿಮ್ಮ ಬೀದಿಯ ಅಂಗಡಿಯವರಿಗೆ ಅದನ್ನು ಬರೆದುಕೊಡೋಕೆ ಕೂತ್ಕೊಳ್ಳಿ. ಹೋರಾಟ ಅಂದರೆ ಅದೂ ಹೌದು.