ಗಲ್ಲಾಪೆಟ್ಟಿಗೆಯಾಚೆಗಿನ ಉದ್ಯಮಶೀಲತೆ

ಉದ್ಯಮಶೀಲತೆಯೆಂದರೆ ಹೊಸ ಅಂಗಡಿಯ ಬಾಗಿಲು ತೆರೆಯುವುದು ಎಂಬ ಗ್ರಹಿಕೆ ವ್ಯಾಪಾರಸ್ಥ ಕುಟುಂಬಗಳಲ್ಲಿ ಬೇರೂರಿದೆ. ಇರುವ ಸಂಸ್ಥೆಯೊಳಗೇ ಹೊಸ ಉತ್ಪನ್ನ, ಹೊಸ ವಿಧಾನಗಳನ್ನು ಅರಸುವ ಸಾಹಸಕ್ಕೂ ಆ ಹೆಸರು ಸಲ್ಲಬೇಕು. ಡ್ಯಾನಿ ಮಿಲ್ಲರ್ 1983ರಲ್ಲಿಯೇ ಸಂಸ್ಥೆಯೊಂದರ ಉದ್ಯಮಶೀಲತೆಯನ್ನು ನಾವೀನ್ಯ, ಸಾಹಸ ಮತ್ತು ಸ್ಪರ್ಧಿಗಳಿಗಿಂತ ಮೊದಲೇ ಹೆಜ್ಜೆಯಿಡುವ ಗುಣಗಳಲ್ಲಿ ಗುರುತಿಸಿದ್ದರು. ಸಣ್ಣ ಉದ್ಯಮಕ್ಕೆ ಇದರಿಂದ ಲಾಭವಿದೆಯೇ? ಇದೆ, ಆದರೆ ತಡವಾಗಿ. ಆ ವಿಳಂಬವೇ ಅನೇಕರನ್ನು ಹಿಮ್ಮೆಟ್ಟಿಸುತ್ತದೆ.

ಕೊಲ್ಲಾಪುರದ ಫೌಂಡ್ರಿಯೊಂದರಲ್ಲಿ ಮೇಸ್ತ್ರಿಯೊಬ್ಬ ಪಂಪಿನ ಬಿಡಿಭಾಗಕ್ಕೆ ಹೊಸ ಪ್ಯಾಟರ್ನ್ ಮಾಡಿ ನೋಡೋಣ ಎನ್ನುತ್ತಾನೆಂದಿಟ್ಟುಕೊಳ್ಳೋಣ. ಮೊದಲ ಎರಕಗಳು ಕೆಟ್ಟು ಮತ್ತೆ ಕುಲುಮೆ ಸೇರುತ್ತವೆ. ಕರೆಂಟ್ ಬಿಲ್ಲು, ಮರಳು, ಕೂಲಿ ಎಲ್ಲವೂ ಈ ವರ್ಷದ ಖರ್ಚು. ಆರ್ಡರ್ ಬರುವುದು ಮುಂದಿನ ವರ್ಷ. ಸಂಶೋಧನಾ ಹಂತದ ವೆಚ್ಚವನ್ನು ಆಯಾ ವರ್ಷವೇ ಖರ್ಚೆಂದು ತೋರಿಸಬೇಕೆಂಬುದು ಲೆಕ್ಕಪತ್ರ ಮಾನದಂಡ 26ರ ನಿಯಮ. ನಿಯಮ ಸರಿಯೇ. ಆದರೆ ಕುಗ್ಗಿದ ಲಾಭವನ್ನು ಕಂಡು ಬ್ಯಾಂಕು ಸಿಸಿ ಮಿತಿಯನ್ನು ಪ್ರಶ್ನಿಸಿದರೆ, ಮನೆಯ ಹಿರಿಯರು ಮೇಸ್ತ್ರಿಗೆ ಹೇಳುವ ಮಾತು ಒಂದೇ: ಹಳೆಯದನ್ನೇ ಮಾಡು.

ಮೇಸ್ತ್ರಿಗಾದರೂ ಅದರಲ್ಲಿ ಸಿಗುವುದೇನು? ಪಾಲುದಾರಿಕೆ ಸಂಸ್ಥೆ ನೌಕರರಿಗೆ ಷೇರು ಕೊಡಲಾರದು. ಹಾಗೆಂದು, ಹೊಸ ವಸ್ತುವಿನ ಲಾಭದಲ್ಲಿ ಇಂತಿಷ್ಟು ಪಾಲೆಂದು ಬರೆದುಕೊಡಲು ಯಾವ ಕಾನೂನೂ ಅಡ್ಡಿಯಿಲ್ಲ. ದೀಪಾವಳಿಯ ಬೋನಸ್ಸಿನಲ್ಲಿಯೇ ಎಲ್ಲ ಋಣವೂ ತೀರಿತೆಂದುಕೊಳ್ಳುವ ಮನಸ್ಸು ಅಡ್ಡ ಬರುತ್ತದೆ.

ಸರಕಾರದ ಪಾಲಿನ ದೋಷವೂ ಚಿಕ್ಕದಲ್ಲ. ಆದಾಯ ತೆರಿಗೆಯ 35(2ಎಬಿ) ಕಲಮಿನಡಿ ಸ್ವಂತ ಸಂಶೋಧನೆಗೆ ಶೇ. 200ರಷ್ಟಿದ್ದ ಕಡಿತ 2017ರ ಏಪ್ರಿಲ್‌ನಿಂದ ಶೇ. 150ಕ್ಕೂ, 2020ರ ಏಪ್ರಿಲ್‌ನಿಂದ ಶೇ. 100ಕ್ಕೂ ಇಳಿಯಿತು. ಅದೂ ಕಂಪನಿಗಳಿಗೆ ಮಾತ್ರ; ತಂದೆ-ಮಕ್ಕಳ ಪಾಲುದಾರಿಕೆಗೆ ಆ ಬಾಗಿಲು ತೆರೆದೇ ಇರಲಿಲ್ಲ. 2023ರ ಹಣಕಾಸು ಕಾಯ್ದೆ ತಂದ 43ಬಿ(ಎಚ್) ನಿಜಕ್ಕೂ ಉಪಕಾರಿ. ಕಿರು ಮತ್ತು ಸಣ್ಣ ಉತ್ಪಾದಕರ ಬಿಲ್ಲನ್ನು ಕರಾರಿಲ್ಲದಿದ್ದರೆ 15, ಇದ್ದರೆ ಗರಿಷ್ಠ 45 ದಿನಗಳಲ್ಲಿ ತೀರಿಸದ ಖರೀದಿದಾರನಿಗೆ, ಹಣ ಕೊಡುವ ವರ್ಷದವರೆಗೆ ಆ ಖರ್ಚಿನ ಕಡಿತ ಸಿಗದು. ಪ್ರಯೋಗಕ್ಕೆ ಬೇಕಾದ ಹಣ ಬಾಕಿಯಲ್ಲಿ ಸಿಕ್ಕಿಕೊಂಡಿರುವಾಗ ಇದಕ್ಕಿಂತ ದೊಡ್ಡ ಪ್ರೋತ್ಸಾಹಧನ ಬೇರೊಂದಿಲ್ಲ. ಆದರೆ ಮಧ್ಯಮ ಉದ್ಯಮವನ್ನು ಇದರಿಂದ ಹೊರಗಿಟ್ಟದ್ದೇಕೆ? ಬೆಳೆದ ತಪ್ಪಿಗೆ ರಕ್ಷಣೆ ಕಳೆದುಕೊಳ್ಳಬೇಕೆಂದರೆ, ಬೆಳೆಯದಿರುವುದೇ ಜಾಣತನವೆಂದು ಮಾಲೀಕ ಲೆಕ್ಕ ಹಾಕಿದರೆ ಅಚ್ಚರಿಯಿಲ್ಲ.