ಆಂಟೆನಾ ಅಟ್ಟಕ್ಕೋ, ಛಾವಣಿಗೋ?

ಅಮೆರಿಕದಲ್ಲಿ ಮನೆ ಕೊಂಡ ನಮ್ಮವರಲ್ಲಿ ಕೆಲವರು ಟೆಲಿವಿಷನ್ ಆಂಟೆನಾವನ್ನು ಅಟ್ಟದಲ್ಲಿ ಬಚ್ಚಿಡುತ್ತಾರೆ. ಕಾರಣ, ಅಕ್ಕಪಕ್ಕದವರು ಏನೆಂದಾರು! ಈ ಸಂಕೋಚ ಬೇಡವೆಂಬುದು ನಮ್ಮ ಮತ. ಛಾವಣಿಯ ಹೊದಿಕೆ, ಅದರಡಿಯ ಲೋಹದ ಹಾಳೆ ಸಂಕೇತವನ್ನು ಕುಗ್ಗಿಸುತ್ತವೆ. ಪೂರ್ಣಶಕ್ತಿಯ ಕೇಂದ್ರಗಳ ಅನಲಾಗ್ ಪ್ರಸಾರ 2009ರ ಜೂನ್ 12ರಂದು ನಿಂತಿತು; ಡಿಜಿಟಲ್ ಚಿತ್ರ ಮಂಕಾಗುವುದಿಲ್ಲ, ಚೂರುಚೂರಾಗಿ ಮಾಯವಾಗುತ್ತದೆ. ಬಿರುಗಾಳಿಯ ಎಚ್ಚರಿಕೆ ಬರುವ ರಾತ್ರಿ ಇದು ಸಣ್ಣ ಮಾತಲ್ಲ. ಸ್ವಂತ ಮನೆಯ ಛಾವಣಿಯ ಮೇಲೆ ಆಂಟೆನಾ ನಿಲ್ಲಿಸುವ ಹಕ್ಕನ್ನು ಫೆಡರಲ್ ನಿಯಮವೇ 1996ರಿಂದ ಕಾಪಾಡಿದೆ. ವಸತಿ ಸಂಘ ಸುರಕ್ಷತೆಯ ಷರತ್ತು ಹಾಕಬಹುದು, ಅಂದಗೆಡುತ್ತದೆಂದು ಬೇಡವೆನ್ನಲಾಗದು. ವಿದ್ಯುತ್ ತಂತಿಯಿಂದ ದೂರವಿಡೋಣ, ಭೂಸಂಪರ್ಕ ಕೊಡೋಣ, ಪ್ರಸಾರ ಗೋಪುರದತ್ತ ತಿರುಗಿಸೋಣ. ಕಾನೂನು ಕೊಟ್ಟದ್ದನ್ನು ನಾವೇಕೆ ಕತ್ತಲಲ್ಲಿಡಬೇಕು?